ಜಿನುಗುವ ಬಂಡೆಯ ಕೆಳಗಿನ ಹೂವು

ಮದುವೆಯಾಗಿ ಮಸ್ಕತ್ತಿಗೆ ಹೋದಾಗ ನನ್ನ ಹತ್ತಿರ ಸಸ್ಯಶಾಸ್ತ್ರದ ಎಂ.ಎಸ್ಸಿ. ಇತ್ತು, ಗಿಡಗಳ ಚಿತ್ರ ಬರೆಯುವ ಕೈಯೂ ಇತ್ತು. ಎರಡಕ್ಕೂ ಅಲ್ಲಿ ಕೆಲಸವಿರಲಿಲ್ಲ. ಸಂಸಾರದ ವೀಸಾದಲ್ಲಿ ಬಂದವರು ದುಡಿಯುವಂತಿಲ್ಲ ಎಂದು ಪಾಸ್‌ಪೋರ್ಟಿನಲ್ಲೇ ಮುದ್ರೆ ಒತ್ತಿದ್ದರು. ಅದು ಎಂಬತ್ತರ ದಶಕದ ನಡುಭಾಗ. ಯಜಮಾನರು ರಸ್ತೆ, ಸೇತುವೆ ಕಟ್ಟಿಸುವ ಕಂಪನಿಯೊಂದರಲ್ಲಿ ಎಂಜಿನಿಯರ್. ಆಫೀಸು ಅಲ್ ಖುವೈರಿನಲ್ಲಿ. ಮನೆ ದಾರ್ಸೈಟಿನಲ್ಲಿ, ಮೂರನೆಯ ಮಹಡಿಯ ಎರಡು ಕೋಣೆಯ ಫ್ಲ್ಯಾಟು.

ಬೆಳಿಗ್ಗೆ ಅವರು ಹೊರಟುಬಿಟ್ಟರೆ ಆಮೇಲೆ ಏನು ಮಾಡಬೇಕೆಂದೇ ನನಗೆ ತೋಚುತ್ತಿರಲಿಲ್ಲ. ಇಬ್ಬರ ಅಡುಗೆಗೆ ಎಷ್ಟು ಹೊತ್ತು ಬೇಕು? ಉಳಿದ ಹೊತ್ತು ಕೂತಲ್ಲಿ ಕೂರುತ್ತಿರಲಿಲ್ಲ. ಕಿಟಕಿಯ ಬಳಿ ಹೋಗಿ ಎದುರಿನ ಬೋಳು ಗುಡ್ಡ ನೋಡುವುದು, ಅಡುಗೆಮನೆಗೆ ಬಂದು ನಲ್ಲಿ ತಿರುಗಿಸಿ ನೀರಿದೆಯಾ ಎಂದು ನೋಡುವುದು, ಮಡಿಸಿಟ್ಟ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಸುವುದು. ಎ.ಸಿ.ಯ ಗುಂಯ್ ಸದ್ದು ತಲೆಯೊಳಗೇ ಕೂತಂತಾಗಿ ಅದನ್ನು ಆರಿಸುತ್ತಿದ್ದೆ. ಸ್ವಲ್ಪ ಹೊತ್ತಿಗೇ ಸೆಕೆ ತಾಳಲಾರದೆ ಮತ್ತೆ ಹಾಕುತ್ತಿದ್ದೆ. ರೂವಿಯ ಮಾರುಕಟ್ಟೆಯಿಂದ ತಂದ ಬದನೆಕಾಯಿಯ ತೊಟ್ಟು, ಈರುಳ್ಳಿಯ ಬೇರು, ಮೆಂತ್ಯದ ಎಲೆ ಎಲ್ಲದರ ಚಿತ್ರವನ್ನೂ ಬರೆದು ಮುಗಿಸಿದ್ದೆ. ಮೈಸೂರಿನಲ್ಲಿ ನನ್ನ ಪ್ರೊಫೆಸರರಿಗೆ ಹುಲ್ಲುಜಾತಿಗಳ ಚಿತ್ರಗಳನ್ನು ಒಂದೊಂದು ರೋಮವೂ ಕಾಣುವಂತೆ ಬರೆದುಕೊಟ್ಟವಳು, ಇಲ್ಲಿ ಸಾರಿಗೆ ಹಾಕುವ ಮುಂಚೆ ಕೊತ್ತಂಬರಿಯನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದೆ.

ಕೆಳಗಿನ ಮಹಡಿಯಲ್ಲಿ ಉಡುಪಿ ಕಡೆಯ ಕೊಂಕಣಿ ಮಾತಾಡುವ ಕ್ರೈಸ್ತ ಸಂಸಾರವಿತ್ತು. ಗಂಡ ಬ್ಯಾಂಕಿನಲ್ಲಿ, ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಆಕೆ ಒಂದು ಮಧ್ಯಾಹ್ನ ಮೇಲೆ ಬಂದು ಬಾಗಿಲು ಬಡಿದರು.

"ನೀವು ಎಂತ ಮಾರಾಯ್ರೆ, ಬೆಳಿಗ್ಗೆಯಿಂದ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ನಡೀತಾನೇ ಇದ್ದೀರಲ್ಲ? ನಾನು ನೈಟ್ ಡ್ಯೂಟಿ ಮುಗಿಸಿ ಮಲಗಿದ್ದೇನೆ. ನನ್ನ ತಲೆ ಮೇಲೇ ನಡೆದ ಹಾಗೆ ಆಗ್ತದೆ."

ನಾನು ಕ್ಷಮೆ ಕೇಳಿ ಕಾಫಿ ಮಾಡಿಕೊಟ್ಟೆ. ಕಾಫಿ ಕುಡಿಯುತ್ತಾ ಅವರು ಮೇಜಿನ ಮೇಲಿದ್ದ ಈರುಳ್ಳಿಯ ಚಿತ್ರವನ್ನು ತುಂಬ ಹೊತ್ತು ನೋಡಿದರು. ಆಮೇಲೆ ದಿನಾ ಬರತೊಡಗಿದರು. ಒಂದು ವಾರದಲ್ಲಿ 'ನೀವು' ಹೋಗಿ 'ನೀನು' ಬಂತು. ವಯಸ್ಸಿನಲ್ಲಿ ದೊಡ್ಡವರಾದ್ದರಿಂದ ನಾನು ಅಕ್ಕ ಎನ್ನುತ್ತಿದ್ದೆ.

ಅಂಥ ಒಂದು ಚಳಿಗಾಲದ ಶುಕ್ರವಾರ ಯಜಮಾನರ ಆಫೀಸಿನ ನಾಲ್ಕೈದು ಸಂಸಾರಗಳು ಸೇರಿ ಪಿಕ್ನಿಕ್ಕಿಗೆ ಹೋದೆವು. ನಿಜ್ವಾ ಪಟ್ಟಣಕ್ಕೆ ಹೋಗುವ ಹೆದ್ದಾರಿಯಲ್ಲಿ ಒಂದು ಗಂಟೆಯ ಮೇಲೆ ಹೋಗಿ, ಬಲಕ್ಕೆ ತಿರುಗಿ, ಜಲ್ಲಿರಸ್ತೆಯಲ್ಲಿ ಬೆಟ್ಟದ ಬುಡಕ್ಕೆ ನುಗ್ಗಿದರೆ ಒಂದು ವಾದಿ. ಮಳೆ ಬಿದ್ದಾಗ ಮಾತ್ರ ಹೊಳೆಯಾಗುವ ಕಲ್ಲುಕಣಿವೆಗೆ ಅಲ್ಲಿ ವಾದಿ ಎನ್ನುತ್ತಾರೆ. ಆಚೆ ದಡದಲ್ಲಿ ಖರ್ಜೂರದ ತೋಟ, ಹತ್ತಿಪ್ಪತ್ತು ಮನೆಗಳ ಹಳ್ಳಿ. ಬೆಟ್ಟದ ನೀರನ್ನು ತೋಟಕ್ಕೆ ತರುವ ಫಲಜ್ ಎಂಬ ಗಾರೆ ಕಾಲುವೆ ಬಂಡೆಗೆ ಅಂಟಿಕೊಂಡು ಸಾಗುತ್ತಿತ್ತು. ಗಂಡಸರು ಇಸ್ಪೀಟಿಗೆ ಕೂತರು. ಹೆಂಗಸರು ಪುಳಿಯೋಗರೆ, ಮೊಸರನ್ನದ ಡಬ್ಬಿಗಳನ್ನು ಬಿಚ್ಚಿ ಯಾರ ಮನೆಗೆ ಯಾರು ಊರಿಂದ ಬರುತ್ತಾರೆ ಎಂದು ಮಾತಿಗೆ ತೊಡಗಿದರು. ನಾನು ಸ್ವಲ್ಪ ಹೊತ್ತು ಕೂತೆ. ಕಾಲು ನಿಲ್ಲಲಿಲ್ಲ. ಎದ್ದು, ಒಣಗಿದ ವಾದಿ ದಾಟಿ, ಕಾಲುವೆಯ ಗುಂಟ ಮೇಲಕ್ಕೆ ಹೊರಟೆ.

ಒಂದು ತಿರುವಿನಲ್ಲಿ ಬಂಡೆ ಮುಂದಕ್ಕೆ ಚಾಚಿ ಅದರ ಹೊಟ್ಟೆಯಿಂದ ನೀರು ಜಿನುಗುತ್ತಿತ್ತು. ತೊಟ್ಟಿಕ್ಕುವ ಕಡೆಯೆಲ್ಲ ಪಾಚಿ, ತೆಳುವಾದ ಜರಿಗಿಡ. ಅದರ ಕೆಳಗೆ ಒದ್ದೆ ಮಣ್ಣಿನ ಅಂಚಿನಲ್ಲಿ ಏಳೆಂಟು ಹಸಿರು ಮೊಳಕೆಗಳು ನೆಟ್ಟಗೆ ಎದ್ದಿದ್ದವು. ಮೊದಲ ನೋಟಕ್ಕೆ ಯಾರೋ ಜೋಳ ಚೆಲ್ಲಿದ್ದಾರೆ ಎಂದುಕೊಂಡೆ. ಬಗ್ಗಿ ನೋಡಿದರೆ ಜೋಳವಲ್ಲ. ಎಲೆಗೆ ತೊಟ್ಟೇ ಇರಲಿಲ್ಲ. ಬುಡದಲ್ಲಿ ಕಾಂಡವನ್ನು ತಬ್ಬಿ, ಒಂದು ಎಡಕ್ಕೆ ಒಂದು ಬಲಕ್ಕೆ ಭರ್ಜಿಯ ಮೊನೆಯಂತೆ ಚಾಚಿಕೊಂಡಿತ್ತು. ಉದ್ದಕ್ಕೂ ಓಡುವ ನರಗಳು ಎಷ್ಟು ಆಳವೆಂದರೆ ಎಲೆ ಇಸ್ತ್ರಿ ಮಾಡಿದ ಸೀರೆಯ ನೆರಿಗೆಯ ಹಾಗೆ ಮಡಿಸಿಕೊಂಡಿತ್ತು. ಅವುಗಳ ನಡುವೆ ಹಿಂದಿನ ವರ್ಷದ ಒಣಗಿದ ದಂಟೊಂದು ನಿಂತಿತ್ತು, ಹೆಚ್ಚುಕಡಿಮೆ ನನ್ನ ಸೊಂಟದೆತ್ತರ. ಅದರ ತುದಿಯಲ್ಲಿ ಕಾಯಿಗಳು ತಲೆಕೆಳಗಾಗಿ ಜೋತುಬಿದ್ದಿದ್ದವು. ಪ್ರತಿ ಕಾಯಿಯೂ ಉದ್ದಕ್ಕೆ ಸೀಳಿತ್ತು. ಆದರೆ ಎರಡೂ ತುದಿಗಳು ಕೂಡಿಕೊಂಡೇ ಇದ್ದವು. ಪುಟ್ಟ ಕಂದೀಲಿನ ಹಾಗೆ ಸರಳುಗಳಷ್ಟೇ ಉಳಿದಿದ್ದವು. ಒಂದನ್ನು ಅಂಗೈಗೆ ತಟ್ಟಿದೆ. ಬೀಜವೆಂದು ಹೇಳುವಂಥದ್ದೇನೂ ಬೀಳಲಿಲ್ಲ. ಮಾಸಲು ಹುಡಿ ಬಿತ್ತು. ಉಸಿರು ತಾಗಿದ್ದೇ ಹಾರಿಹೋಯಿತು.

ಹುಡಿಯಂಥ ಬೀಜ ಎಂದರೆ ಆರ್ಕಿಡ್. ನಾನು ಊರಲ್ಲಿ ನೋಡಿದ್ದ ಆರ್ಕಿಡ್‌ಗಳೆಲ್ಲ ಸೀತಾಳೆ ದಂಡೆಯ ಹಾಗೆ ಮರದ ಮೇಲೆ ಬೇರು ಚೆಲ್ಲಿ ಬದುಕುವಂಥವು. ನೆಲದಲ್ಲಿ ಬೆಳೆಯುವ ಜಾತಿಗಳ ಬಗ್ಗೆ ಓದಿದ್ದೆ, ಅಷ್ಟೆ. ಅದೂ ಇಲ್ಲಿ, ಗುಡ್ಡದ ಮೇಲೆ ಮುಳ್ಳುಗಿಡವೂ ಯೋಚಿಸಿ ಹುಟ್ಟುವ ದೇಶದಲ್ಲಿ. ನಾನು ಓಡಿಕೊಂಡೇ ಕೆಳಗೆ ಬಂದೆ.

"ರೀ, ಸ್ವಲ್ಪ ಬನ್ನಿ. ಆರ್ಕಿಡ್ ಇದೆ ಅಲ್ಲಿ."

ಯಜಮಾನರು ಕೈಯಲ್ಲಿದ್ದ ಇಸ್ಪೀಟಿನ ಎಲೆಗಳನ್ನು ಪಕ್ಕದವರಿಗೆ ಕಾಣದಂತೆ ಮಗುಚಿಟ್ಟು ನನ್ನ ಹಿಂದೆ ಬಂದರು. ಬಂಡೆಯ ಕೆಳಗೆ ಬಗ್ಗಿ ನೋಡಿದರು.

"ಹೂವೇ ಇಲ್ವಲ್ಲೇ."

"ಇನ್ನು ಬಿಡುತ್ತೆ. ಮಾರ್ಚೋ ಏಪ್ರಿಲ್ಲೋ ಇರಬೇಕು."

"ಸರಿ, ಆಗ ಬರೋಣ ಬಿಡು," ಎಂದು ಅವರು ಆಟಕ್ಕೆ ವಾಪಸಾದರು.

ಆಗ ಬರೋಣ ಎಂದದ್ದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಅವರು ಅದನ್ನು ಆ ಕ್ಷಣದಲ್ಲೇ ಬಿಟ್ಟಿದ್ದರು. ಮಾರ್ಚಿನ ಮೊದಲಲ್ಲಿ ಒಮ್ಮೆ ಗೋಗರೆದು ಕರೆದುಕೊಂಡು ಹೋದೆ. ದಂಟುಗಳು ಮೊಣಕಾಲು ದಾಟಿ ಬೆಳೆದಿದ್ದವು, ಮೇಲ್ಭಾಗಕ್ಕೆ ಕಂಡೂ ಕಾಣದಷ್ಟು ನವಿರಾದ ರೋಮ ಬಂದಿತ್ತು, ತುದಿಯೆಲ್ಲ ಮೊಗ್ಗು. ಮೊಗ್ಗಿನ ಗೊಂಚಲು ಪೂರ್ತಿ ಕತ್ತು ಬಗ್ಗಿಸಿ ನೆಲ ನೋಡುತ್ತಿತ್ತು. ಪ್ರತಿ ಮೊಗ್ಗಿನ ಬುಡದಲ್ಲೂ ಮೊಗ್ಗಿಗಿಂತ ಉದ್ದದ ಒಂದು ಎಲೆ. ನಾನು ಬರೆದುಕೊಂಡೆ, ಆದರೆ ಹೂವಿಲ್ಲದ ಚಿತ್ರ ಮುಖವಿಲ್ಲದ ಭಾವಚಿತ್ರ. ಅದೇ ತಿಂಗಳು ಯಜಮಾನರನ್ನು ಸೊಹಾರ್ ಕಡೆಯ ರಸ್ತೆ ಕೆಲಸಕ್ಕೆ ಹಾಕಿದರು. ಕಂಪನಿಯ ಜೀಪಿನಲ್ಲಿ ಶನಿವಾರ ಬೆಳಗ್ಗೆ ಹೋದರೆ ಗುರುವಾರ ಸಂಜೆ ಬರುತ್ತಿದ್ದರು. ಶುಕ್ರವಾರ ಮಲಗುತ್ತಿದ್ದರು. ಮೇ ತಿಂಗಳಲ್ಲಿ ಮತ್ತೆ ಹೋಗುವ ಹೊತ್ತಿಗೆ ಹೂವು ಮುಗಿದು ಎಳೆಗಾಯಿಗಳು ಜೋತಾಡುತ್ತಿದ್ದವು.

ವಾಪಸು ಬರುವಾಗ ಕಾರಿನಲ್ಲಿ ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದೆ. ಫಂಜಾ ಊರು ದಾಟಿದ ಮೇಲೆ ಅವರೇ ಕೇಳಿದರು.

"ಒಂದು ಕಾಡುಹೂವಿಗೆ ಇಷ್ಟು ಯಾಕೆ ಮುಖ ಊದಿಸ್ಕೊಂಡಿದೀಯ?"

"ಹೂವಿಗಲ್ಲ. ನಾನು ಎಲ್ಲಿಗೆ ಹೋಗ್ಬೇಕಾದ್ರೂ ನಿಮಗೆ ಬಿಡುವಾಗೋದನ್ನ ಕಾಯ್ಬೇಕು. ಹೂವು ಕಾಯೋಲ್ಲ."

"ನಾನೇನು ಇಲ್ಲಿ ಸುಮ್ನೆ ಕೂತಿದೀನಾ?"

"ನೀವು ಕೂತಿಲ್ಲ. ನಾನು ಕೂತಿದೀನಿ."

ಅಷ್ಟೇ ಜಗಳ. ಆದರೆ ಅದು ಮನೆಗೆ ಬಂದ ಮೇಲೂ ನಮ್ಮ ಜೊತೆಯಲ್ಲೇ ಇತ್ತು. ಅವರು ಸೊಹಾರಿಗೆ ಹೋದ ಮೇಲೆ ನಾನು ಕೆಳಗಿನ ಅಕ್ಕನ ಮುಂದೆ ಅತ್ತೆ. ಅಕ್ಕ ತಲೆಗೂದಲು ಒಣಗಿಸಿಕೊಳ್ಳುತ್ತ ಎಲ್ಲವನ್ನೂ ಕೇಳಿದರು.

"ಮನೆ ಕೆಳಗೆ ನಿಮ್ಮ ಕಾರು ವಾರವಿಡೀ ಧೂಳು ತಿಂದುಕೊಂಡು ನಿಂತಿರ್ತದೆ ಅಲ್ವಾ?"

"ಹೌದು."

"ಹಾಗಾದ್ರೆ ಅಳುವುದು ಎಂತಕ್ಕೆ? ಕಲಿ. ನಾನು ಕಲಿಲಿಲ್ವಾ?"

ಡ್ರೈವಿಂಗ್ ಕಲಿಯಲು ಗಂಡನ ಒಪ್ಪಿಗೆ ಪತ್ರ ಬೇಕಿತ್ತು. ಯಜಮಾನರು ಪತ್ರವನ್ನು ಮೂರು ವಾರ ಬ್ರೀಫ್‌ಕೇಸಿನಲ್ಲೇ ಇಟ್ಟುಕೊಂಡು ತಿರುಗಿದರು. "ಎಲ್ಲಿಗೆ ಹೋಗ್ಬೇಕು ನಿಂಗೆ?" ಎಂದು ಕೇಳುತ್ತಿದ್ದರು. ಕೊನೆಗೆ ಸಹಿ ಹಾಕುವಾಗ, "ಬರೀ ರೂವಿ ತನಕ. ತರಕಾರಿಗೆ," ಎಂದರು. ನಾನು ಹೂಂ ಎಂದೆ.

ಕಲಿಸಿದವರು ಬಿಳಿ ಗಡ್ಡದ ಒಮಾನಿ. ಅವರ ಹಿಂದಿ ನನ್ನದಕ್ಕಿಂತ ಚೆನ್ನಾಗಿತ್ತು. ಆ ವರ್ಷದ ಬೇಸಿಗೆಯಲ್ಲಿ, ಸ್ಟೀರಿಂಗ್ ಮುಟ್ಟಿದರೆ ಕೈ ಸುಡುವ ಕಾಲದಲ್ಲಿ, ಅವರು ಪಕ್ಕದಲ್ಲಿ ಕೂತು "ಶುವೈ ಶುವೈ, ಸಿಸ್ಟರ್, ಮೆಲ್ಲಗೆ," ಎನ್ನುತ್ತಿದ್ದರು. ನನಗೆ ಮೆಲ್ಲಗೆ ಹೋಗುವುದೇ ಕಷ್ಟ. ಮುಂದಕ್ಕೆ ಓಡಿಸುವುದು ಬೇಗ ಬಂತು. ಆದರೆ ಅಲ್ಲಿಯ ಪರೀಕ್ಷೆಯಲ್ಲಿ ಮೊದಲಿಗೆ ಹಿಂದಕ್ಕೆ ಬಿಡಬೇಕು. ಬಯಲಿನಲ್ಲಿ ಎಣ್ಣೆಯ ಡ್ರಮ್ಮುಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ನಡುವಿನ ಇಕ್ಕಟ್ಟಿನಲ್ಲಿ ಕಾರನ್ನು ಹಿಮ್ಮುಖವಾಗಿ ತಂದು ನಿಲ್ಲಿಸಬೇಕು. ಡ್ರಮ್ಮಿಗೆ ಕಾರು ತಾಗಿದರೆ ಅದು ಢಣ್ ಎನ್ನುತ್ತದೆ. ಪೊಲೀಸು "ಖಲಾಸ್" ಎನ್ನುತ್ತಾನೆ. ಆ ಎರಡು ಸದ್ದುಗಳನ್ನು ನಾನು ಹಲವು ಸಲ ಕೇಳಿದೆ. ಪ್ರತಿ ಸಲ ಫೇಲಾಗಿ ಬಂದ ದಿನ ಮನೆಯೊಳಗೆ ಓಡಾಟ ಇನ್ನೂ ಜಾಸ್ತಿಯಾಗುತ್ತಿತ್ತು. ಅಕ್ಕ ಕೆಳಗಿನಿಂದ ಪೊರಕೆಯ ಹಿಡಿಯಲ್ಲಿ ಸೂರಿಗೆ ಕುಟ್ಟುತ್ತಿದ್ದರು.

ಡಿಸೆಂಬರಿನಲ್ಲಿ ಡ್ರಮ್ಮು ದಾಟಿದೆ. ಜನವರಿಯಲ್ಲಿ ಏರಿನ ಪರೀಕ್ಷೆ, ಫೆಬ್ರುವರಿಯಲ್ಲಿ ರಸ್ತೆಯದು. ಲೈಸೆನ್ಸ್ ಕೈಗೆ ಬಂದ ದಿನ ಯಜಮಾನರು ಸೊಹಾರಿನ ಕ್ಯಾಂಪಿನಿಂದ ಫೋನ್ ಮಾಡಿದ್ದರು. "ಪಾಸಾದ್ಯಾ? ಒಳ್ಳೇದು. ಟೈರಿಗೆ ಗಾಳಿ ನೋಡ್ಕೋ," ಎಂದರು. ಒಂದು ತಿಂಗಳು ನಾನು ನಿಜಕ್ಕೂ ರೂವಿಗೆ ಮಾತ್ರ ಹೋದೆ. ಬೇಕಿಲ್ಲದಿದ್ದರೂ ತರಕಾರಿ ತಂದೆ.

ಏಪ್ರಿಲ್ ಮೊದಲ ಗುರುವಾರ ಅಕ್ಕನಿಗೆ ರಜೆಯಿತ್ತು. ಬೆಳಗಿನ ತಂಪಿನಲ್ಲೇ ಇಬ್ಬರೂ ಹೊರಟೆವು. ಹೆದ್ದಾರಿಯಲ್ಲಿ ಲಾರಿಗಳು ಪಕ್ಕದಲ್ಲಿ ಹಾದಾಗ ಕಾರು ಅಲ್ಲಾಡುತ್ತಿತ್ತು. ನನ್ನ ಕೈಗಳು ಬೆವರಿ ಸ್ಟೀರಿಂಗ್ ಜಾರುತ್ತಿತ್ತು. ಅಕ್ಕ ಕಿಟಕಿ ನೋಡುತ್ತ ಜಪಸರ ತಿರುಗಿಸುತ್ತಿದ್ದರು. ನನಗಾಗಿ ಪ್ರಾರ್ಥಿಸುತ್ತಿದ್ದರೋ ಅವರಿಗಾಗಿಯೋ ಕೇಳಲಿಲ್ಲ. ಜಲ್ಲಿರಸ್ತೆ ಮುಗಿದು, ಒಣಗಿದ ವಾದಿಯ ಕಲ್ಲುಗಳ ಮೇಲೆ ಕಾರನ್ನು ದಾಟಿಸಿ, ಹಳ್ಳಿಯ ತೋಟದ ಗೋಡೆಯ ನೆರಳಿಗೆ ನಿಲ್ಲಿಸಿದೆ. ಇಳಿದವಳೇ ಕಾಲುವೆಯ ಗುಂಟ ನಡೆದೆ. ಅಕ್ಕ ಹಿಂದಿನಿಂದ, "ಓಡಬೇಡ ಮಾರಾಯ್ತಿ, ಹೂವು ಎಲ್ಲಿಗೂ ಓಡುವುದಿಲ್ಲ," ಎಂದು ಕೂಗಿದರು.

ಹೂವು ಬಿಟ್ಟಿತ್ತು.

ಬಗ್ಗಿದ್ದ ಕತ್ತು ಈಗ ನೆಟ್ಟಗಾಗಿತ್ತು. ಕೆಳಗಿನ ಹೂಗಳು ಪೂರ್ತಿ ಅರಳಿ, ನಡುವಿನವು ಅರೆಬಿರಿದು, ತುದಿಯವು ಇನ್ನೂ ಮೊಗ್ಗಾಗಿದ್ದವು. ಒಂದೇ ದಂಟಿನಲ್ಲಿ ಎಲ್ಲ ವಯಸ್ಸೂ ಸಿಕ್ಕಿತು. ದೂರದಿಂದ ನೋಡಿದವರು ಇದನ್ನು ಹೂವೆಂದು ಗುರುತಿಸುವುದೂ ಕಷ್ಟ. ಬಣ್ಣ ಅಷ್ಟು ಸಪ್ಪೆ. ಒಂದೊಂದೂ ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡದು. ಹೊರಗಿನ ಮೂರು ದಳಗಳು ಹಳದಿ ಬೆರೆತ ಹಸಿರು, ಅಂಚಿಗೆ ಮಾತ್ರ ಸುಟ್ಟ ಇಟ್ಟಿಗೆಯ ಕೆಂಪು. ಒಳಗಿನ ಎರಡು ಕೊಂಚ ಚಿಕ್ಕವು, ಅದೇ ಬಣ್ಣದವು. ಆರನೆಯ ದಳವೇ ಬೇರೆ. ಆರ್ಕಿಡ್‌ಗಳಲ್ಲಿ ಅದಕ್ಕೆ ತುಟಿ ಎನ್ನುತ್ತಾರೆ. ಇದರ ತುಟಿ ಎರಡು ತುಂಡಿನದು. ಒಳಭಾಗ ಒಂದು ಪುಟ್ಟ ಬಟ್ಟಲು. ಹೊರಭಾಗ ನಾಲಗೆಯ ಹಾಗೆ ಮುಂದೆ ಚಾಚಿದ್ದು, ತುದಿಯಲ್ಲಿ ಅಚ್ಚ ಬಿಳಿ, ಹಿಂದೆ ಒಂದು ಕೆಂಗಂದು ಪಟ್ಟೆ. ಎರಡನ್ನೂ ಸೇರಿಸುವ ಜಾಗ ದಾರದಷ್ಟು ಕಿರಿದು. ಸ್ವಲ್ಪ ಗಾಳಿ ಬಂದರೂ ನಾಲಗೆ ಮೇಲೆ ಕೆಳಗೆ ಆಡುತ್ತಿತ್ತು.

ನಾನು ಕಲ್ಲಿನ ಮೇಲೆ ಕೂತು ಬರೆಯಲು ಶುರುಮಾಡಿದೆ. ಶುರುವಿನಲ್ಲೇ ಒಂದು ತೊಡಕು. ಹೂಗಳಿಗೆಲ್ಲ ಹೇನು ಹತ್ತಿತ್ತು. ಗುಲಾಬಿಯ ಚಿಗುರಿಗೆ ಮುತ್ತುವ ಕಪ್ಪು ಸಸ್ಯಹೇನುಗಳ ಹಾಗೆ, ಬಟ್ಟಲಿನ ಅಂಚಿನಲ್ಲಿ ಸಣ್ಣ ಸಣ್ಣ ಕಪ್ಪು ಗುಳ್ಳೆಗಳು. ನನಗೆ ಸಿಟ್ಟೇ ಬಂತು. ಒಂದೂವರೆ ವರ್ಷ ಕಾದು ಬಂದರೆ ರೋಗ ಹಿಡಿದ ಹೂವು. ಒಣ ಕುಂಚದಿಂದ ಮೆಲ್ಲನೆ ಗುಡಿಸಿದೆ. ಹೇನು ಅಲುಗಲಿಲ್ಲ. ಕುಂಚ ಒದ್ದೆ ಮಾಡಿ ತಿಕ್ಕಿದೆ. ಅಲುಗಲಿಲ್ಲ. ಪಕ್ಕದ ಹೂವಿನಲ್ಲೂ ಅದೇ ಜಾಗ, ಅಷ್ಟೇ ಗುಳ್ಳೆ. ಅದರ ಪಕ್ಕದ್ದರಲ್ಲೂ ಅಷ್ಟೇ. ಭೂತಗನ್ನಡಿ ಹಿಡಿದೆ. ಕಾಲಿಲ್ಲ, ಮೀಸೆಯಿಲ್ಲ. ಅವು ಹೇನಲ್ಲ. ಹೂವೇ ಮೈಮೇಲೆ ಬೆಳೆಸಿಕೊಂಡ ಗಂಟುಗಳು.

"ಅಕ್ಕ, ಇಲ್ನೋಡಿ. ಇದು ಹೇನಲ್ಲ, ಹೇನಿನ ವೇಷ."

ಅಕ್ಕ ನಿಧಾನಕ್ಕೆ ಬಗ್ಗಿ ಗಾಜಿನಲ್ಲಿ ಇಣುಕಿದರು. "ಹೂವಿಗೆ ಎಂತಕ್ಕೆ ಹೇನು ಬೇಕು?"

ಅದಕ್ಕೆ ಉತ್ತರ ಹೂವೇ ತೋರಿಸಿತು. ಜೇನಿನ ಹಾಗೆ ಹಳದಿ ಪಟ್ಟೆಯ, ಆದರೆ ಕಚ್ಚದ ಒಂದು ಸಣ್ಣ ನೊಣ ಬಂತು. ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು, ಹೂವನ್ನು ಚೆನ್ನಾಗಿ ನೋಡಿ, ತುಟಿಯ ಮೇಲೆ ಇಳಿಯಿತು. ನಾಲಗೆ ಅದರ ಭಾರಕ್ಕೆ ಬಾಗಿತು. ನೊಣ ಬಟ್ಟಲೊಳಗೆ ತಲೆ ಹಾಕಿ, ಹಿಂದೆ ಸರಿದು, ಹಿಂಭಾಗವನ್ನು ಬಗ್ಗಿಸಿ ಗುಳ್ಳೆಗಳ ಪಕ್ಕಕ್ಕೆ ಒತ್ತಿತು. ಹಾರಿಹೋದ ಮೇಲೆ ನೋಡಿದರೆ ಅಲ್ಲೊಂದು ಬಿಳಿಯ ಮೊಟ್ಟೆ, ಸಾಸಿವೆಯ ಕಾಲು ಭಾಗವೂ ಇಲ್ಲ. ಈ ನೊಣದ ಮರಿಗಳು ಹೇನು ತಿಂದು ಬೆಳೆಯುತ್ತವೆ ಎಂಬುದು ನನಗೆ ಕಾಲೇಜಿನಿಂದ ಗೊತ್ತಿತ್ತು. ಮರಿಗೆ ಊಟ ಇಲ್ಲಿದೆ ಎಂದು ನಂಬಿ ಅದು ಮೊಟ್ಟೆ ಇಟ್ಟು ಹೋಗಿತ್ತು. ಹೋಗುವಾಗ ಅದರ ಬೆನ್ನಿಗೆ ತಿಳಿಹಳದಿಯ ಪರಾಗದ ಎರಡು ಉಂಡೆಗಳು ಅಂಟಿಕೊಂಡಿದ್ದವು.

ನಾನು ಇದನ್ನು ಹೇಳಿದಾಗ ಅಕ್ಕ ಮೊಟ್ಟೆಯ ಕಡೆ ಮತ್ತೆ ಬಗ್ಗಿದರು. "ಮೊಟ್ಟೆ ಒಡೆದು ಮರಿ ಬಂದ್ರೆ?"

"ತಿನ್ನಕ್ಕೆ ಏನೂ ಇರೋಲ್ಲ."

"ಕರ್ಮ," ಎಂದು ಅವರು ಎದ್ದು ಹೋಗಿ ಕಾಲುವೆಯ ನೀರಿನಲ್ಲಿ ಮುಖ ತೊಳೆದುಕೊಂಡರು.

ಆಮೇಲೆ ಎಷ್ಟು ಹೊತ್ತು ಬರೆದೆನೋ. ಬೆಳಕು ಜರುಗುತ್ತಿತ್ತು, ನೆರಳು ಬದಲಾಗುತ್ತಿತ್ತು; ಒಂದು ಹೂವನ್ನು ಮುಂದಿನಿಂದ ಮುಗಿಸುವಷ್ಟರಲ್ಲಿ ಪಕ್ಕದಿಂದ ಬರೆಯಬೇಕೆನಿಸುತ್ತಿತ್ತು, ಅದು ಮುಗಿಯುವ ಮುಂಚೆ ಕಾಂಡದ ರೋಮ, ತಿರುಚಿಕೊಂಡ ತೊಟ್ಟು. ಯಾವುದೂ ಸಾಲುತ್ತಿರಲಿಲ್ಲ. ಒಂದು ಹೂವನ್ನು ಮಾತ್ರ ಬ್ಲೇಡಿನಿಂದ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕಿಕೊಂಡೆ. ಆಡುಗಳನ್ನು ಹೊಡೆದುಕೊಂಡು ಬಂದ ಹಳ್ಳಿಯ ಹೆಂಗಸೊಬ್ಬಳು ನಿಂತು ನನ್ನನ್ನೂ ಗಿಡವನ್ನೂ ನೋಡಿದಳು.

"ದವಾ?" ಔಷಧಿಯಾ ಎಂದು ಕೇಳಿದಳು.

"ಲಾ, ದವಾ ಲಾ," ಔಷಧಿ ಅಲ್ಲ ಎಂದು ಚಿತ್ರ ತೋರಿಸಿದೆ. ಆಕೆ ಅದನ್ನು ನೋಡಲಿಲ್ಲ. ನನ್ನ ತಲೆಯ ಮೇಲಿಂದ ಬೆಟ್ಟದ ಕಡೆ ಕೈ ಮಾಡಿ, "ಮತರ್, ಮತರ್," ಎಂದಳು.

ಮತರ್ ಎಂದರೆ ಮಳೆ ಎಂದು ಅಕ್ಕನಿಗೆ ಆಸ್ಪತ್ರೆಯ ಅರಬ್ಬಿಯಿಂದ ಗೊತ್ತಿತ್ತು. ತಿರುಗಿ ನೋಡಿದರೆ ಬೆಟ್ಟದ ನೆತ್ತಿ ಕಾಣದಷ್ಟು ಕಪ್ಪು. ನಮ್ಮ ಮೇಲೆ ಬಿಸಿಲು ಸುರಿಯುತ್ತಿತ್ತು. ಅಕ್ಕ ನನ್ನ ರಟ್ಟೆ ಹಿಡಿದು ಎಬ್ಬಿಸಿದರು. "ಸಾಕು, ಏಳು. ವಾದಿ ಬಂದ್ರೆ ಕಾರು ಸಮೇತ ಹೋಗ್ತೇವೆ."

ನಾವು ಕಾರು ಹತ್ತಿ ದಡಕ್ಕೆ ಬರುವಷ್ಟರಲ್ಲಿ ಸದ್ದು ಕೇಳಿಸಿತು. ಕಲ್ಲು ತುಂಬಿದ ಲಾರಿ ಸುರಿದಂತೆ. ಮೇಲಿನ ತಿರುವಿನಿಂದ ಕಂದು ನೀರಿನ ಒಂದು ಗೋಡೆ, ದೊಡ್ಡ ಎತ್ತರವೇನಲ್ಲ, ಕಸಕಡ್ಡಿ, ಖರ್ಜೂರದ ಗರಿ, ಒಂದು ಪ್ಲಾಸ್ಟಿಕ್ ಡ್ರಮ್ಮು ಎಲ್ಲವನ್ನೂ ತಳ್ಳಿಕೊಂಡು ಬಂತು. ನೋಡುತ್ತಿದ್ದಂತೆ ನಾವು ಬೆಳಿಗ್ಗೆ ದಾಟಿದ ಒಣ ಕಲ್ಲುಗಳು ಮುಚ್ಚಿಹೋದವು. ಆ ದಡದಲ್ಲಿ ಮಸ್ಕತ್ತಿನ ರಸ್ತೆ, ಈ ದಡದಲ್ಲಿ ನಾವು.

"ಇವತ್ತು ಗುರುವಾರ," ಎಂದೆ. "ಇವರು ಸಂಜೆ ಮನೆಗೆ ಬರ್ತಾರೆ."

"ಚೀಟಿ ಬರೆದಿಟ್ಟು ಬಂದಿದ್ದೀಯಾ?"

"ಇಲ್ಲ. ಅಷ್ಟರಲ್ಲಿ ವಾಪಸು ಹೋಗ್ತೀವಿ ಅಂದ್ಕೊಂಡಿದ್ದೆ."

ಆಡಿನ ಹೆಂಗಸು ನಮ್ಮನ್ನು ತನ್ನ ಮನೆಗೆ ಕರೆದೊಯ್ದಳು. ಚಾಪೆಯ ಮೇಲೆ ಖರ್ಜೂರ, ಏಲಕ್ಕಿ ಹಾಕಿದ ಕಹಿ ಕಾಫಿ. ಮನೆಯ ಹೆಂಗಸರೆಲ್ಲ ಸುತ್ತ ಕೂತರು. ಅಕ್ಕ ನರ್ಸೆಂದು ತಿಳಿದಮೇಲೆ ಒಬ್ಬೊಬ್ಬರೂ ತಮ್ಮ ಮಂಡಿ, ಹಲ್ಲು, ಮಕ್ಕಳ ಕಿವಿ ತೋರಿಸತೊಡಗಿದರು. ಅಕ್ಕ ಅಲ್ಲಿಯೇ ಹುಟ್ಟಿದವರಂತೆ ಮಾತಾಡುತ್ತಿದ್ದರು. ನಾನು ಮಾತ್ರ ಗಳಿಗೆಗೊಮ್ಮೆ ಎದ್ದು ಹೋಗಿ ನೀರು ನೋಡಿ ಬರುತ್ತಿದ್ದೆ. ಇಳಿಯಿತಾ? ಇಲ್ಲ. ಮತ್ತೆ ಹೋಗುತ್ತಿದ್ದೆ. ಕೂತಾಗ ಡಬ್ಬಿ ತೆಗೆದು ಹೂವನ್ನು ನೋಡುತ್ತಿದ್ದೆ, ಎರಡು ಗೆರೆ ಎಳೆಯುತ್ತಿದ್ದೆ, ಮತ್ತೆ ಎದ್ದು ಹೋಗುತ್ತಿದ್ದೆ. ಆ ಮನೆಯ ಅಜ್ಜಿ ಅಕ್ಕನಿಗೆ ಏನೋ ಹೇಳಿದಳು. ಎಲ್ಲರೂ ನಕ್ಕರು.

"ಏನು ಹೇಳಿದ್ರು?" ಎಂದು ಅಕ್ಕನನ್ನು ಕೇಳಿದೆ.

"ಇವಳಿಗೆ ಹೆರಿಗೆ ನೋವು ಶುರುವಾಗಿದೆಯಾ ಅಂತ ಕೇಳ್ತಾರೆ."

ಸಂಜೆಯ ಹೊತ್ತಿಗೆ ನೀರು ಇಳಿಯಿತು. ಹಳ್ಳಿಯವನೊಬ್ಬ ತನ್ನ ಪಿಕಪ್ ಗಾಡಿ ನಿಲ್ಲಿಸಿ, ದಿಶ್ದಾಷಾ ಎಂಬ ಉದ್ದದ ನಿಲುವಂಗಿಯನ್ನು ಮೇಲೆತ್ತಿ ಕಟ್ಟಿ, ತಾನೇ ನೀರಿಗಿಳಿದು ನಡೆದು ನೋಡಿದ. ಮೊಣಕಾಲಿಗಿಂತ ಕೆಳಗಿತ್ತು. ಅವನ ಗಾಡಿ ಮುಂದೆ, ನಮ್ಮ ಕಾರು ಹಿಂದೆ. "ನಿಲ್ಲಿಸಬೇಡಿ, ಯಲ್ಲಾ, ನಡೀರಿ," ಎಂದು ಅವನು ಕೈ ಬೀಸಿದ. ಒಂದನೇ ಗೇರಿನಲ್ಲಿ, ಚಕ್ರದ ಕೆಳಗೆ ಕಲ್ಲು ಜರುಗುತ್ತಿರುವುದು ಕಾಲಿಗೆ ತಿಳಿಯುತ್ತಿರುವಾಗ, ಮೆಲ್ಲಗೆ ದಾಟಿಸಿದೆ; ನನ್ನ ಜೀವನದಲ್ಲಿ ಅಷ್ಟು ಮೆಲ್ಲಗೆ ನಾನು ಏನನ್ನೂ ಮಾಡಿರಲಿಲ್ಲ. ಆಚೆ ದಡ ಹತ್ತಿದ ಮೇಲೆ ಅಕ್ಕ ಜಪಸರವನ್ನು ಚೀಲಕ್ಕೆ ಹಾಕಿದರು.

ಮನೆ ಮುಟ್ಟಿದಾಗ ಯಜಮಾನರು ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲೇ ನಿಂತಿದ್ದರು. ಅಕ್ಕನ ಗಂಡನೂ ಜೊತೆಯಲ್ಲಿದ್ದರು. ಇಬ್ಬರೂ ಎರಡು ಆಸ್ಪತ್ರೆಗೆ ಹೋಗಿ ವಿಚಾರಿಸಿ ಬಂದಿದ್ದರಂತೆ. ಕಾರಿನ ಬಾಗಿಲ ತನಕ ಹತ್ತಿದ ಕೆಸರನ್ನು ಯಜಮಾನರು ನೋಡಿದರು. ಟೈರನ್ನು ಕಾಲಿನಿಂದ ಒತ್ತಿ ನೋಡಿದರು.

"ಇದು ರೂವಿ ಕೆಸರಲ್ಲ," ಎಂದರು.

"ಅಲ್ಲ."

"ವಾದಿ ಬಂದಾಗ ಎಲ್ಲಿದ್ದೆ?"

"ಆಚೆ ದಡದಲ್ಲಿ. ನೀರಿಳಿದ ಮೇಲೆ ದಾಟಿದ್ವಿ."

ಅವರು ತಿರುಗಿ ಮೆಟ್ಟಿಲು ಹತ್ತಿದರು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವರೂ ಆ ಸಂಜೆಯಿಡೀ ಕೆಳಕ್ಕೂ ಮೇಲಕ್ಕೂ ಓಡಾಡಿದ್ದರೆಂದು ಅಕ್ಕನ ಗಂಡ ಆಮೇಲೆ ಹೇಳಿದರು.

ಮರುದಿನ ಶುಕ್ರವಾರ. ನಾನು ಹೂವನ್ನು ತಟ್ಟೆಯಲ್ಲಿಟ್ಟುಕೊಂಡು ಸೂಜಿಯಿಂದ ಬಿಡಿಸುತ್ತಿದ್ದೆ. ಅವರು ಮಲಗಲಿಲ್ಲ. ಬಂದು ಹಿಂದೆ ನಿಂತರು. ಸ್ವಲ್ಪ ಹೊತ್ತಾದ ಮೇಲೆ ಭೂತಗನ್ನಡಿ ಕೇಳಿ ಇಸಕೊಂಡರು. ತುಟಿಯ ನಾಲಗೆಯನ್ನು ಸೂಜಿಯ ಮೊನೆಯಿಂದ ಮುಟ್ಟಿ ಕೆಳಗೆ ಒತ್ತಿದರು, ಬಿಟ್ಟರು. ಅದು ಮೇಲೆ ಬಂತು. ಮತ್ತೆ ಒತ್ತಿದರು.

"ಇದಕ್ಕೆ ಹಿಂಜ್ ಇದೆಯಲ್ಲೇ," ಎಂದರು. "ಭಾರ ಬಿದ್ರೆ ಬಗ್ಗುತ್ತೆ, ಭಾರ ಹೋದ್ರೆ ವಾಪಸು. ಎಷ್ಟು ತೆಳುವಾಗಿದೆ ನೋಡು ಜಾಯಿಂಟು."

ಆ ಬೆಳಿಗ್ಗೆ ಅವರು ನನ್ನ ಪಕ್ಕದಲ್ಲಿ ಕೂತು ಆ ಕೀಲೊಂದನ್ನೇ ತಮ್ಮ ಎಂಜಿನಿಯರ್ ಪೆನ್ಸಿಲ್ಲಿನಲ್ಲಿ ದೊಡ್ಡದಾಗಿ ಬರೆದರು. ಅವರ ಚಿತ್ರದಲ್ಲಿ ರೋಮವಿರಲಿಲ್ಲ, ಬಾಣದ ಗುರುತುಗಳಿದ್ದವು.

ಚಿತ್ರಗಳ ಪ್ರತಿಯನ್ನು ಮೈಸೂರಿನ ಪ್ರೊಫೆಸರರಿಗೆ ಕಳಿಸಿದೆ. ಅದು ಎಪಿಪ್ಯಾಕ್ಟಿಸ್ ವೆರಾಟ್ರಿಫೋಲಿಯಾ ಎಂಬ ಜಾತಿ, ಹಿಮಾಲಯದ ಕಣಿವೆಗಳಲ್ಲೂ ಬೆಳೆಯುತ್ತದೆ ಎಂದು ಅವರು ತಿಳಿಸಿದರು. ಹೆಸರು ಸಿಕ್ಕ ದಿನ ಸಂತೋಷವಾಯಿತು. ಹೂವು ಸಿಕ್ಕಿದ ಮೇಲೆ ನನ್ನ ತಳಮಳ ನಿಂತಿತು ಎಂದೇನೂ ಅಲ್ಲ. ಕಾಲು ಹಾಗೆಯೇ ಓಡುತ್ತಿತ್ತು. ಹೋಗಲು ಜಾಗಗಳಾದವು, ಅಷ್ಟೆ. ತೊಂಬತ್ತರ ದಶಕದ ಆರಂಭದಲ್ಲಿ ಒಂದು ಇಂಡಿಯನ್ ಶಾಲೆಯವರು ವೀಸಾ ಬದಲಿಸಿಕೊಟ್ಟು ನನ್ನನ್ನು ಜೀವಶಾಸ್ತ್ರದ ಟೀಚರಾಗಿ ತೆಗೆದುಕೊಂಡರು. ತುಟಿಯ ಮೇಲಿನ ಗುಳ್ಳೆಗಳ ಚಿತ್ರವನ್ನು ತರಗತಿಯಲ್ಲಿ ಎತ್ತಿ ಹಿಡಿದಾಗ ಹುಡುಗಿಯೊಬ್ಬಳು, "ಮಿಸ್, ದಟ್ಸ್ ಚೀಟಿಂಗ್," ಎಂದಳು. ನೊಣದ ಪರವಾಗಿ ಇಡೀ ತರಗತಿ ಗಲಾಟೆ ಮಾಡಿತು. ಅಕ್ಕನ ಸಂಸಾರ ಅದೇ ಹೊತ್ತಿಗೆ ಊರಿಗೆ ಹೊರಟಿತು. ಕೆಳಗಿನಿಂದ ಸೂರಿಗೆ ಕುಟ್ಟುವವರು ಇಲ್ಲವಾದರು.

ಆ ಪ್ರವಾಹದ ಮರುವರ್ಷ ನಾನು ಯಜಮಾನರನ್ನು ಕೂರಿಸಿಕೊಂಡು ಅಲ್ಲಿಗೆ ಹೋಗಿದ್ದೆ. ನಾನೇ ಓಡಿಸಿದೆ. ಅವರು ದಾರಿಯುದ್ದಕ್ಕೂ ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಿದ್ದರು. ಆ ಚಳಿಗಾಲದಲ್ಲಿ ಮತ್ತೊಮ್ಮೆ ದೊಡ್ಡ ನೀರು ಬಂದು ಬಂಡೆಯ ಕೆಳಗಿನ ಮಣ್ಣಂಚನ್ನು ಅರ್ಧ ಕೊಚ್ಚಿತ್ತು. ಉಳಿದ ಭಾಗ ಕತ್ತರಿಸಿದ ಬ್ರೆಡ್ಡಿನ ಹಾಗೆ ನಿಂತಿತ್ತು. ಅದರಲ್ಲಿ ಗಿಡದ ಬುಡ ಪೂರ್ತಿ ತೆರೆದುಕೊಂಡಿತ್ತು. ಶುಂಠಿಯಂಥದ್ದು, ಆದರೆ ಸಣ್ಣದು. ಗಂಟುಗಂಟಾಗಿ ಅಡ್ಡಕ್ಕೆ ಹರಿದ ಕಾಂಡ. ಪ್ರತಿ ಗಂಟಿನಿಂದಲೂ ಶಾವಿಗೆಗಿಂತ ದಪ್ಪನೆಯ ಬಿಳಿ ಬೇರುಗಳ ಕಂತೆ. ನಾನು ಏಳೆಂಟು ಗಿಡಗಳೆಂದು ಎಣಿಸಿದ್ದು ಏಳೆಂಟಲ್ಲ, ಕೆಳಗೆ ಎಲ್ಲವೂ ಒಂದೇ. ಅಗೆದು ನೋಡಲು ಎಂದೂ ಮನಸ್ಸು ಬಾರದಿದ್ದ ಭಾಗ ಅದು.

ನಾನು ಬರೆಯುವಷ್ಟು ಹೊತ್ತೂ ಯಜಮಾನರು ಬೇರಿನ ಮೇಲೆ ನೆರಳು ಬೀಳುವಂತೆ ಕೊಡೆ ಹಿಡಿದು ನಿಂತಿದ್ದರು. ಮುಗಿದ ಮೇಲೆ, "ಹೀಗೇ ಬಿಟ್ರೆ ಒಣಗುತ್ತಲ್ಲ?" ಎಂದು ಕೇಳಿದರು.

"ಒಣಗುತ್ತೆ."

ಅವರು ಪ್ಯಾಂಟು ಮಡಿಸಿ ಕೆಳಗಿಳಿದರು. ವಾದಿಯಿಂದ ದಪ್ಪ ಕಲ್ಲುಗಳನ್ನು ಆರಿಸಿ ತಂದು, ಅಡಿಪಾಯಕ್ಕೆ ದೊಡ್ಡದು, ಮೇಲೆ ಚಿಕ್ಕದು ಎಂದು ಒಂದು ಮೊಳದ ತಡೆಗೋಡೆ ಕಟ್ಟಿದರು. ನೀರು ಹೊರಗೆ ಹೋಗಲು ನಡುನಡುವೆ ಸಂದು ಬಿಟ್ಟರು. ನಾನು ಕಾಲುವೆಯ ಬುಡದಿಂದ ಮೆತ್ತನೆಯ ಹೂಳನ್ನು ಡಬ್ಬಿಯ ಮುಚ್ಚಳದಲ್ಲಿ ತುಂಬಿ ತಂದು ಗೋಡೆಗೂ ಬೇರಿಗೂ ನಡುವೆ ಸುರಿದೆ, ಮತ್ತೆ ತಂದೆ, ಮತ್ತೆ ಸುರಿದೆ. ಬೇರುಗಳು ಒಂದೊಂದಾಗಿ ಮರೆಯಾದವು. ಅವರು ಮೇಲಿನಿಂದ ಅಂಗೈಯಲ್ಲಿ ಒತ್ತಿ ಗಟ್ಟಿ ಮಾಡಿದರು.